ವಂಡಾ ಟೆಸೆಲಾಟಾ ಆರ್ಕಿಡ್ ಎಲಿ ಸುಕ್ಕಾದ್ರ ನೀರ ಸುರೀಬ್ಯಾಡ್ರಿ, ಮೊದಲ ಬೇರ ನೋಡ್ರಿ: ನಮ್ಮ ಕಲಬುರಗಿ ಬಿಸಿಲಿಗಿ ದೋಷ ಹುಡುಕೋ ಕೈಪಿಡಿ

ಕಲಬುರಗಿ, ಬೀದರ್, ಯಾದಗಿರಿ ಕಡೆ ಆರ್ಕಿಡ್ ಬರಂಗೇ ಇಲ್ಲ ಅಂತ ಭಾಳ ಮಂದಿ ಅಂತಾರ, ಅದು ಪೂರ್ತಿ ಖರೇ ಅಲ್ರಿ. ನರ್ಸರಿಯಾಗ ಹೂವಿನ ಸಮೇತ ಮಾರ್ತಾರಲ್ಲ, ಆ ಅಗಲ ಎಲಿ ಫೆಲನಾಪ್ಸಿಸ್, ಅದಕ್ಕ ನಮ್ಮ ಏಪ್ರಿಲ್-ಮೇ ತಡ್ಕೊಳ್ಳೋದು ಕಷ್ಟ. ವಂಡಾ ಟೆಸೆಲಾಟಾ ಹಂಗಲ್ಲ. ನಮ್ಮ ದೇಶದ್ದೇ ಗಿಡ ಅದು, ಬ್ಯಾಸಿಗ್ಯಾಗ ಎಲಿ ಉದುರಿಸೋ ಒಣ ಕಾಡಿನ ಮರದ ಟೊಂಗಿ ಮ್ಯಾಲ ಬೆಳೀತದ, ಶ್ರೀಲಂಕಾ, ಬರ್ಮಾ ತನಕಾ ಹಬ್ಬ್ಯದ. 1820ರಾಗ ರಾಬರ್ಟ್ ಬ್ರೌನ್ ವಂಡಾ ಕುಲಾನ ಶಾಸ್ತ್ರೀಯವಾಗಿ ವಿವರಿಸಿದ್ದು ಈ ಗಿಡಾನೇ ಮುಂದಿಟ್ಕೊಂಡು. ಹಳದಿ-ಹಸಿರು ಹೂವು, ಅದರ ಮ್ಯಾಲ ಕಂದು ಬಣ್ಣದ ಚೌಕಳಿ ಗೆರಿ, ನಡುವ ನೀಲಿ-ನೇರಳೆ ತುಟಿ, ವಾಸನಿ ಅಂತೂ ಭಾಳ ಚಂದ. ಬಿಸಿಲು ಒಣಗಾಳಿ ಗೊತ್ತಿರೋ ಗಿಡ ಇದು, ಅದಕ್ಕ ನಮ್ಮೂರಾಗ ಆರ್ಕಿಡ್ ಬೆಳಸ್ತೀನಿ ಅನ್ನೋರಿಗಿ ನಾ ಮೊದಲು ಇದನ್ನೇ ಹೇಳ್ತೀನಿ.

ಆದ್ರೂ ಸಾಯ್ತಾವ್ರಿ. ತಂದು ಒಂದು ಬ್ಯಾಸಿಗಿ ಕಳೆಯೋದ್ರಾಗ ಎಲಿ ಸುಕ್ಕಾಗಿ, ಕೆಳಗಿನ ಎಲಿ ಉದುರಿ, ತುದಿಯಾಗ ಎರಡು ಮೂರು ಎಲಿ ಉಳಿದಿರ್ತಾವ. ಅದನ್ನ ನೋಡಿ ಎಲ್ಲಾರೂ ಮಾಡೋದು ಒಂದೇ ಕೆಲಸ, ಇನ್ನಷ್ಟು ನೀರು ಹಾಕೋದು. ಇಲ್ಲೇ ತಪ್ತದ. ಎಲಿ ಸುಕ್ಕಾಗೋದಂದ್ರ ಎಲಿಗಿ ನೀರು ಮುಟ್ಟವಲ್ದು ಅಂತ ಅಷ್ಟೇ ಅರ್ಥ, ನೀವು ಕಡಿಮಿ ಹಾಕೀರಿ ಅಂತ ಅಲ್ಲ. ಬೇರು ಒಣಗಿದ್ರೂ ಸುಕ್ಕಾಗ್ತದ, ಬೇರು ಕೊಳೆತ್ರೂ ಸುಕ್ಕಾಗ್ತದ, ಬೇರಿನ ಮ್ಯಾಲ ಸುಣ್ಣ ಕಟ್ಟಿದ್ರೂ ಸುಕ್ಕಾಗ್ತದ. ಮೂರಕ್ಕೂ ಔಷಧ ಬ್ಯಾರೆ ಬ್ಯಾರೆ, ಒಂದಕ್ಕ ಹಾಕೋದನ್ನ ಇನ್ನೊಂದಕ್ಕ ಹಾಕಿದ್ರ ಗಿಡ ಹೋಗ್ತದ.

ಮೊದಲು ಇದು ದೋಷ ಹೌದೋ ಅಲ್ಲೋ

ಕೆಲವು ಸಂಗತಿ ದೋಷನೇ ಅಲ್ಲ, ಅದಕ್ಕ ಔಷಧ ಹೊಡೆಯೋದು ಬ್ಯಾಡ. ಎಲಿ ತುದಿ ಹರಿದಂಗ, ಯಾವುದೋ ಹುಳ ಕಚ್ಚಿದಂಗ ಕಾಣ್ತದ, ಅದು ಈ ಗಿಡದ ಹುಟ್ಟುಗುಣ, ಹೊಸಾ ಎಲಿನೂ ಹಂಗೇ ಬರ್ತದ. ಒಣಗಿದಾಗ ಬೇರು ಬೆಳ್ಳಿ ಬಣ್ಣ ಆಗೋದು ಸಹಜ. ವರ್ಷಕ್ಕ ಒಂದೋ ಎರಡೋ ಅತೀ ಕೆಳಗಿನ ಎಲಿ ಹಳದಿ ಆಗಿ ಬೀಳೋದೂ ಸಹಜ, ಅದು ಮುಪ್ಪಿನ ಎಲಿ. ಎಲಿ ಮ್ಯಾಲ ಸಣ್ಣ ಕೆಂಪು-ನೇರಳೆ ಚುಕ್ಕಿ ಬಂದು ಗಿಡ ಗಟ್ಟಿ ಅದ ಅಂದ್ರ ಅದು ಬಿಸಿಲು ಚೆನ್ನಾಗಿ ಸಿಗ್ಲಾಕತ್ತದ ಅಂತ ತಿಳ್ಕೋರಿ, ರೋಗ ಅಲ್ಲ.

ಇನ್ನೊಂದು, ಮಾವಿನ ಗಿಡಕ್ಕ ಕಟ್ಟಿದ ವಂಡಾ ನೋಡಿ ಮನಿ ಹಿರೇರು ಬಂದಳಿಕಿ ಅಂತ ಕಿತ್ತ ಒಗೀರಿ ಅಂತಾರ. ಬಂದಳಿಕಿ ಮರದ ಒಳಗ ಬೇರು ಚುಚ್ಚಿ ರಸ ಹೀರ್ತದ, ವಂಡಾ ತೊಗಟಿ ಹಿಡ್ಕೊಂಡು ಕುಂಡ್ರತದ ಅಷ್ಟೇ, ಮರದಿಂದ ಏನೂ ತೊಗೊಳ್ಳಂಗಿಲ್ಲ. ಮರ ಒಣಗ್ಲಾಕತ್ತದ ಅಂದ್ರ ಕಾರಣ ಬ್ಯಾರೆ ಕಡೆ ಹುಡುಕ್ರಿ.

ನೀರಿನ ಪರೀಕ್ಷಾ

ಇದು ಒಂದು ಕಲಿತ್ರ ಅರ್ಧ ಕೆಲಸ ಆದಂಗ. ಮುಂಜಾನಿ ಗಿಡ ಒಣಗಿದ್ದಾಗ ಒಂದು ಮಗ್ ನೀರು ಬೇರಿನ ಮ್ಯಾಲ ನಿಧಾನಕ್ಕ ಬಿಡ್ರಿ, ಬಿಟ್ಟು ಒಂದೆರಡು ನಿಮಿಷ ನೋಡ್ಕೋತ ನಿಂದ್ರಿ. ಈ ಬೇರಿನ ಹೊರಗ ವೆಲಮೆನ್ ಅಂತ ಒಂದು ಪದರ ಇರ್ತದ, ಸತ್ತ ಕೋಶಗಳ ಪದರ, ಒಣಗಿದಾಗ ಒಳಗ ಗಾಳಿ ತುಂಬಿ ಬೆಳ್ಳಗ ಕಾಣ್ತದ, ನೀರು ಬಿದ್ದ ಕೂಡ್ಲೇ ಹೀರ್ಕೊಂಡು ಪಾರದರ್ಶಕ ಆಗಿ ಒಳಗಿನ ಹಸಿರು ಹೊರಗ ಕಾಣ್ತದ. ಬಿಳಿ ಬೇರು ಜಲ್ದಿ ಹಸಿರು ಆತಂದ್ರ ಆ ಬೇರು ಜೀವಂತ ಅದ, ಕೆಲಸಾ ಮಾಡ್ಲಾಕತ್ತದ. ಹಸಿರು ಆಗ್ಲೇ ಇಲ್ಲ, ಕಂದು ಬಣ್ಣ ಬಂತು ಅಂದ್ರ ಬೆರಳಾಗ ಹಿಡ್ದು ಮೆಲ್ಲಕ ಒತ್ರಿ. ಮೆತ್ತಗಾಗಿ ಚಪ್ಪಟ್ಟಿ ಆಗಿ ಮ್ಯಾಲಿನ ಸಿಪ್ಪಿ ಜಾರಿ ಒಳಗ ದಾರದಂಥ ಎಳಿ ಉಳೀತಂದ್ರ ಅದು ಕೊಳೆತ ಬೇರು. ಒತ್ತಿದ್ರ ಗಟ್ಟಿ ಅದ ಆದ್ರ ನೀರು ಮ್ಯಾಲಿಂದ ಜಾರಿ ಹೋಗ್ತದ, ಹಸಿರು ಅಲ್ಲಲ್ಲಿ ಮಾತ್ರ ಕಾಣ್ತದ, ಮ್ಯಾಲ ಬೂದಿ ಬಣ್ಣದ ಪೊರಿ ಅದ ಅಂದ್ರ ಸುಣ್ಣ ಕಟ್ಟ್ಯದ. ಕಡ್ಡಿ ಹಂಗ ಒಣಗಿ ಮುರಿದ್ರ ಪಟ್ ಅಂತದಂದ್ರ ಆ ಬೇರು ಒಣಗೇ ಸತ್ತದ.

ಎಷ್ಟು ಬೇರು ಹಸಿರಾದವು ಅಂತ ಅಂದಾಜು ಮಾಡ್ಕೋರಿ. ಅರ್ಧಕ್ಕಿಂತ ಹೆಚ್ಚು ಹಸಿರಾದ್ರ ಗಾಬರಿ ಇಲ್ಲ.

ಬೇರು ಜೀವಂತ ಅದ, ಎಲಿ ಮಾತ್ರ ಸುಕ್ಕು

ಇದು ಗಾಳಿಯ ದೋಷ. ಕಾಡಿನ್ಯಾಗ ಇರೋ ಗಿಡಕ್ಕ ಸುತ್ತ ಮರ ಇರ್ತಾವ, ನಮ್ಮ ಮನಿ ಮಾಳಗಿ ಮ್ಯಾಲ ಏನದ್ರಿ, ಕೆಳಗ ಶಹಾಬಾದ್ ಪರಸಿ, ಬಾಜೂಕ ಸಿಮೆಂಟ್ ಗ್ವಾಡಿ, ಏಪ್ರಿಲ್‌ನಾಗ 42-43 ಡಿಗ್ರಿ, ಮಧ್ಯಾಹ್ನ ಗಾಳಿಯಾಗ ತೇವನೇ ಇರಂಗಿಲ್ಲ. ಪರಸಿ ಹಗಲೆಲ್ಲಾ ಕಾದು ರಾತ್ರಿ ಹತ್ತರ ತನಕಾ ಶಾಖ ಬಿಡ್ತದ. ರಾತ್ರಿ ಯಾಕ ಮುಖ್ಯ ಅಂದ್ರ ಈ ದಪ್ಪ ಎಲಿ ವಂಡಾಗಳು ಹಗಲು ಎಲಿ ರಂಧ್ರ ಮುಚ್ಕೊಂಡು ನೀರು ಉಳಸ್ತಾವ, ರಾತ್ರಿ ತಂಪಾದ ಮ್ಯಾಲ ತೆಗದು ಗಾಳಿ ತೊಗೋತಾವ, ಆ ಹೊತ್ತಿಗಿ ಕೆಳಗಿಂದ ಕಾವು ಹೊಡೀತಿದ್ರ ಅದಕ್ಕ ಆರಾಮ ಎಲ್ಲಿಂದ ಬರಬೇಕು. ಅದಕ್ಕ ಪರಸಿ ಮ್ಯಾಲ ಗಿಡ ಇಡಬ್ಯಾಡ್ರಿ, ಮಾಳಗಿ ಬಿಟ್ಟು ಅಂಗಳಕ್ಕ ಇಳಿಸ್ರಿ, ಮಾವು ಇಲ್ಲಾ ಹುಣಸಿ ಗಿಡದ ನೆಳ್ಳಿಗಿ ತೂಗ ಹಾಕ್ರಿ, ಕೆಳಗ ಬ್ಯಾರೆ ಕುಂಡಗಳನ್ನ ಒತ್ತಿ ಇಟ್ಟು ಮಣ್ಣು ಹಸಿ ಇಡ್ರಿ. ಮಾಳಗಿ ಬಿಟ್ರ ಜಾಗನೇ ಇಲ್ಲ ಅನ್ನೋರು ಕೆಳಗ ಗೋಣಿ ಚೀಲ ಹಾಸಿ ಸಂಜಿಮುಂದ ಅದನ್ನ ತೋಯಿಸ್ರಿ.

ನೀರಿನ ಹೊತ್ತೂ ನೋಡ್ರಿ. ಬ್ಯಾಸಿಗ್ಯಾಗ ನಮ್ಮ ಕಡೆ ಸರ್ಕಾರಿ ಆಫೀಸು ಮುಂಜಾನಿ ಎಂಟಕ್ಕ ಚಾಲೂ ಆಗಿ ಮಧ್ಯಾಹ್ನ ಒಂದೂವರಿಗಿ ಬಿಡ್ತಾವ, ಮಂದಿ ಮನಿಗಿ ಬಂದು ಊಟ ಮಾಡಿ ಗಿಡ ಬಾಡ್ಯಾವ ಅಂತ ಎರಡೂವರಿಗಿ ಪೈಪ್ ಹಿಡೀತಾರ. ಆ ಹೊತ್ತಿಗಿ ಮಾಳಗಿ ಮ್ಯಾಲಿನ ಟಾಕ್ಯಾಗಿನ ನೀರು ಕೈ ಸುಡ್ತದ್ರಿ, ಪೈಪಿನ್ಯಾಗ ನಿಂತ ನೀರು ಇನ್ನೂ ಬಿಸಿ, ಅದು ಬೇರಿನ ತುದಿ ಮ್ಯಾಲ ಬಿದ್ರ ತುದಿ ಅಲ್ಲೇ ಬೆಂದು ಕರ್ರಗಾಗ್ತದ. ಬೆಳೆಯೋ ತುದಿ ಕರ್ರಗಾಗಿ ನಿಂತದ, ಹಿಂದಿನ ಬೇರು ಚಲೋ ಅದ ಅಂದ್ರ ಮೊದಲ ಸಂಶಯ ಬಿಸಿನೀರಿನ ಮ್ಯಾಲೇ ಇರ್ಲಿ. ನಸಿಕಿನ್ಯಾಗ ಏಳೂವರಿ ಒಳಗ ಬಕೀಟಿನ್ಯಾಗ ನೀರು ತುಂಬಿ ಬೇರು ಮಾತ್ರ ಹತ್ತು ಹದಿನೈದು ನಿಮಿಷ ಅದ್ದಿ ಇಡ್ರಿ, ಮ್ಯಾಲ ಚುಮುಕಿಸಿ ಬಿಡೋದಕ್ಕೂ ಅದ್ದೋದಕ್ಕೂ ಭಾಳ ಫರಕ್ ಅದ. ಮರಕ್ಕ ಕಟ್ಟಿದ ಗಿಡ ಅದ್ದಲಾಕ ಆಗಂಗಿಲ್ಲ, ಅದಕ್ಕ ಬೇರು ಹಸಿರಾಗೋ ತನಕ ಹಾಕಿ, ಹತ್ತು ನಿಮಿಷ ಬಿಟ್ಟು ಮತ್ತೊಮ್ಮಿ ಹಾಕ್ರಿ. ಮೇ ತಿಂಗಳಾಗ ಸಂಜಿ ಬಿಸಿಲು ಇಳಿದ ಮ್ಯಾಲ ಇನ್ನೊಂದು ಸಲ ಬೇರಿಗಿ ಮಾತ್ರ. ನಡುವ ಬೇರು ಮತ್ತ ಬೆಳ್ಳಗ ಒಣಗಬೇಕು, ದಿನಾ ಪೂರ್ತಿ ಹಸಿ ಇದ್ರ ಮುಂದಿನ ದೋಷಕ್ಕ ನೀವೇ ಬಾಗಿಲ ತೆಗದಂಗ.

ಬೇರು ಕೊಳೆತದ

ನಮ್ಮ ಓಣ್ಯಾಗಿನ ಒಬ್ರು ಅಕ್ಕೋರು ಕೇಳಿದ್ರು, "ಅಣ್ಣಾ, ದಿನಾ ಎರಡು ಹೊತ್ತು ನೀರ ಹಾಕ್ತೀನಿ, ಆದ್ರೂ ಎಲಿ ಸುಕ್ಕಾಗ್ಯಾವ ನೋಡ್ರಿ, ಮೂರು ಹೊತ್ತು ಹಾಕ್ಲೇನು?" ಅಂತ. "ಬ್ಯಾಡ್ರೀ ಅಕ್ಕೋರೆ, ಮೊದಲ ಕುಂಡದಿಂದ ಹೊರಗ ತೆಗೀರಿ" ಅಂದೆ. ತೆಗದ್ರ ಬುಡದ ಸುತ್ತ ನರ್ಸರಿಯವರು ಸುತ್ತಿದ್ದ ಪಾಚಿ ಹಂಗೇ ಇತ್ತು, ಅದರ ಮ್ಯಾಲ ಕೋಕೋಪೀಟ್, ಅದರ ಮ್ಯಾಲ ಪ್ಲಾಸ್ಟಿಕ್ ಕುಂಡ. ಒಳಗಿನ ಬೇರೆಲ್ಲ ಕಂದು, ಹುಳಿ ವಾಸನಿ. ಹೊರಗ ಗಾಳಿಗಿ ಇಳಿಬಿದ್ದ ಎರಡು ಬೇರು ಮಾತ್ರ ಜೀವಂತ ಇದ್ದವು, ಗಿಡಾನ ಅವೇ ಉಳಿಸಿದ್ದು.

ಇದು ಭಾಳ ಕಾಣೋ ದೋಷ. ಮರದ ಮ್ಯಾಲಿನ ಗಿಡದ ಬೇರಿಗಿ ನೀರಿನಷ್ಟೇ ಗಾಳಿನೂ ಬೇಕು. ಕೋಕೋಪೀಟ್, ಮಣ್ಣು, ತಿಪ್ಪಿ ಗೊಬ್ಬರ, ಇವು ಯಾವೂ ಇದರ ಬುಡಕ್ಕ ತುಂಬೋದು ಬ್ಯಾಡೇ ಬ್ಯಾಡ. ಕತ್ರಿಯನ್ನ ಬೆಂಕಿ ಮ್ಯಾಲ ಹಿಡ್ದು ಇಲ್ಲಾ ಸ್ಪಿರಿಟ್ ಹಚ್ಚಿ ಒರೆಸಿ, ಕೊಳೆತ ಬೇರನ್ನ ಚಲೋ ಭಾಗ ಬರೋ ತನಕ ಕತ್ರಿಸ್ರಿ, ಕತ್ರಿಸಿದ ಬಾಯಿಗಿ ಮಾತ್ರ ದಾಲ್ಚಿನ್ನಿ ಪುಡಿ ಮುಟ್ಟಿಸ್ರಿ, ಪೂರ್ತಿ ಬೇರಿಗಿ ಬಳೀಬ್ಯಾಡ್ರಿ ಯಾಕಂದ್ರ ಅದು ಚಲೋ ಬೇರನ್ನೂ ಒಣಗಸ್ತದ. ಆಮ್ಯಾಲ ಗಿಡಾನ ನೆಳ್ಳಾಗ ಒಂದು ದಿನ ಒಣಗಾಕ ಬಿಟ್ಟು, ಕಟ್ಟಿಗಿ ಬುಟ್ಟಿಯಾಗ ಏನೂ ತುಂಬದಂಗ ಕೂಡಿಸಿ ಇಲ್ಲಾ ಎರಡು ಮೂರು ದಪ್ಪ ಇದ್ದಲಿ ತುಂಡು ಇಟ್ಟು ತೂಗ ಹಾಕ್ರಿ. ಬೇರು ಭಾಳ ಕಡಿಮಿ ಉಳಿದಿದ್ರ ಮುಂದಿನ ವಾರಗಳಾಗ ನೆಳ್ಳು ಜಾಸ್ತಿ ಇರ್ಲಿ, ಸುತ್ತ ತೇವ ಇರ್ಲಿ, ಗೊಬ್ಬರ ಬ್ಯಾಡ.

ಮರಕ್ಕ ಕಟ್ಟೋದಾದ್ರ ಬಿರುಸು ತೊಗಟಿ ಇರೋ, ತೊಗಟಿ ಉದುರಿಸದ ಮರ ಆರಸ್ರಿ. ಮಾವು, ಹುಣಸಿ ಚಲೋ. ಪ್ಯಾರಲ, ನೀಲಗಿರಿ ಬ್ಯಾಡ, ತೊಗಟಿ ಸುಲಿದು ಬೀಳ್ತದ, ಬೇರು ಹಿಡಿಯಂಗಿಲ್ಲ. ಬೇವಿನ ತೊಗಟಿ ಚಲೋ ಅದ ಆದ್ರ ಫೆಬ್ರವರಿ-ಮಾರ್ಚಿನ್ಯಾಗ ಎಲಿ ಉದುರಿ ಒಮ್ಮಿಗೇ ಬಿಸಿಲು ಬೀಳ್ತದ, ಆವಾಗ ಗ್ರೀನ್ ನೆಟ್ ಕಟ್ಟಬೇಕಾಗ್ತದ. ಜಾಗ ಬದಲಿ ಮಾಡೋದು, ಹೊಸದಾಗಿ ಕಟ್ಟೋದು ಜೂನ್‌ನಾಗ ಮಳಿ ಹಿಡಿದು ಹೊಸ ಬೇರಿನ ತುದಿ ಕಾಣಿಸ್ಕೊಂಡಾಗ ಮಾಡ್ರಿ. ಬ್ಯಾಸಿಗ್ಯಾಗ ಗಟ್ಟಿ ಅಂಟ್ಕೊಂಡ ಬೇರನ್ನ ಕಿತ್ತಿದ್ರ ಮತ್ತ ಹಿಡಿಯಾಕ ಮಳಿಗಾಲನೇ ಬರಬೇಕು.

ನೀರಿನ್ಯಾಗಿನ ಸುಣ್ಣ

ನಮ್ಮ ಕಡೆ ಗಿಡ ಕೆಡೋದಕ್ಕ ಇದರಷ್ಟು ದೊಡ್ಡ ಕಾರಣ ಬ್ಯಾರೆ ಇಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ, ಆದ್ರ ಇದನ್ನ ಯಾರೂ ಲೆಕ್ಕಕ್ಕೇ ಹಿಡಿಯಂಗಿಲ್ಲ. ಶಹಾಬಾದ್, ಚಿತ್ತಾಪುರ, ಸೇಡಂ ಸುತ್ತ ಸುಣ್ಣದ ಕಲ್ಲಿನ ನೆಲ, ಅದಕ್ಕೇ ಅಲ್ಲಿ ಇಷ್ಟು ಸಿಮೆಂಟ್ ಫ್ಯಾಕ್ಟರಿ ಅವ. ಆ ಕಲ್ಲಿನ ಒಳಗಿಂದ ಬರೋ ಬೋರಿನ ನೀರಿನ್ಯಾಗ ಸುಣ್ಣ ಕರಗಿರ್ತದ. ಮಣ್ಣಿನ್ಯಾಗಿನ ಗಿಡ ಹೆಂಗೋ ತಡ್ಕೋತದ, ವಂಡಾ ಬೇರಿಗಿ ಮಣ್ಣಿನ ಆಸರಾನೇ ಇಲ್ಲ, ನೀರು ಆರಿದ ಮ್ಯಾಲ ಸುಣ್ಣ ಎಲ್ಲಾ ವೆಲಮೆನ್ ಮ್ಯಾಲೇ ಕೂಡ್ತದ. ದಿನಕ್ಕ ಎರಡು ಸಲ ಹಾಕೋರ ಗಿಡಕ್ಕ ಇನ್ನೂ ಜಾಸ್ತಿ. ನಿಧಾನಕ್ಕ ಬೇರು ನೀರು ಹೀರೋದು ಬಿಡ್ತದ, ಹೊಸ ಎಲಿ ಮಾಸಲು ಹಳದಿ ಬರ್ತದ, ಹೊಸ ಬೇರಿನ ತುದಿ ಒಂದೆರಡು ಇಂಚು ಬಂದು ಸುಟ್ಟಂಗ ಆಗಿ ನಿಲ್ತದ.

ಖಾತ್ರಿ ಮಾಡ್ಕೊಳ್ಳೋದು ಸೋಪಾ ಅದ. ಕುಂಡದ ಅಂಚಿಗಿ, ತೂಗಹಾಕಿದ ತಂತಿಗಿ ಬಿಳಿ ಪೊರಿ ಕಟ್ಟಿರ್ತದಲ್ಲ, ಅದರ ಮ್ಯಾಲ ಲಿಂಬಿ ರಸ ಹಾಕ್ರಿ, ಬೇರಿನ ಮ್ಯಾಲಲ್ಲ. ಬುರುಗು ಎದ್ದ್ರ ಸುಣ್ಣ. ನೀರಿನ್ಯಾಗ ಕರಗಿದ ಉಪ್ಪು ಅಳಿಯೋ ಟಿಡಿಎಸ್ ಮೀಟರ್ ಇದ್ರ ಇನ್ನೂ ಚಲೋ, 200 ಪಿಪಿಎಂ ಕೆಳಗ ಇದ್ರ ಚಿಂತಿ ಇಲ್ಲ, 500 ದಾಟಿದ್ರ ಆ ನೀರು ದಿನಾ ಹಾಕೋದು ಬಿಡ್ರಿ.

ಇಲ್ಲಿ ಮಂದಿ ಮೂರು ತಪ್ಪು ನೀರು ಆರಸ್ತಾರ. ಒಂದು, ಆರ್‌ಓ ಮಷೀನಿನ ಹೊರಗ ಹೋಗೋ ನೀರು. ವ್ಯರ್ಥ ಆಗೋದು ಬ್ಯಾಡ ಅನ್ನೋ ಕಾಳಜಿ ಒಳ್ಳೇದೇ, ಆದ್ರ ಆ ನೀರಿನ್ಯಾಗ ಮೂಲ ನೀರಿಗಿಂತ ಜಾಸ್ತಿ ಉಪ್ಪು ಇರ್ತದ, ಅದನ್ನ ನೆಲ ಒರೆಸಾಕ ಇಟ್ಕೋರಿ, ಕುಡಿಯೋ ಕಡೆ ಬರೋ ನೀರು ವಂಡಾಕ್ಕ ಹಾಕ್ರಿ. ಎರಡು, ಕೂಲರಿನ ಟಾಕಿ ನೀರು. ಕೂಲರ್ ದಿನಪೂರ್ತಿ ನೀರು ಆವಿ ಮಾಡ್ತದ, ಉಪ್ಪು ಎಲ್ಲಾ ತಳಕ್ಕ ಉಳೀತದ, ಅದರ ಹುಲ್ಲಿನ ಪ್ಯಾಡ್ ನೋಡ್ರಿ ಹೆಂಗ ಬೆಳ್ಳಗ ಗಟ್ಟಿ ಆಗಿರ್ತದ, ಅದೇ ಬೇರಿಗೂ ಆಗ್ತದ. ಮೂರು, ಬಾತ್‌ರೂಮಿಗಿ ಹಾಕಿಸಿದ ಸಾಫ್ಟ್ನರ್ ನೀರು, ಅದರಾಗ ಸುಣ್ಣ ಹೋಗಿ ಸೋಡಿಯಂ ಬಂದಿರ್ತದ, ಗಿಡಕ್ಕ ಅದೂ ಬ್ಯಾಡ.

ಚಲೋ ನೀರು ಅಂದ್ರ ಮಳಿ ನೀರು. ಮೊದಲ ಮಳಿ ಮಾಳಗಿ ಧೂಳು ತೊಳದು ಹೋಗ್ಲಿ, ಆಮ್ಯಾಲಿಂದ ಡ್ರಮ್ ತುಂಬಿಸಿ ಸೊಳ್ಳಿ ಹೋಗದಂಗ ಬಟ್ಟಿ ಕಟ್ಟಿ ನೆಳ್ಳಾಗ ಇಡ್ರಿ. ಎಸಿ ಪೈಪಿನಿಂದ ಹನಿಯೋ ನೀರಿನ್ಯಾಗ ಉಪ್ಪೇ ಇರಂಗಿಲ್ಲ, ಬಕೀಟು ಇಟ್ಟು ಹಿಡೀರಿ, ಏಪ್ರಿಲ್-ಮೇ ದಾಟಿಸಾಕ ಎರಡು ಮೂರು ಗಿಡಕ್ಕ ಅದೇ ಸಾಕಾಗ್ತದ. ಯಾವುದೂ ಇಲ್ಲ ಅಂದ್ರ ಬೋರಿನ ನೀರು ಕುದಿಸಿ ಆರಿಸಿ, ತಳದ ಬಿಳಿ ಪುಡಿ ಬಿಟ್ಟು ಮ್ಯಾಲಿನ ನೀರು ಹಾಕ್ರಿ, ಎಲ್ಲಾ ಹೋಗಂಗಿಲ್ಲ ಆದ್ರ ಕಡಿಮಿ ಆಗ್ತದ. ಈಗಾಗ್ಲೇ ಸುಣ್ಣ ಕಟ್ಟಿದ್ರ ಚಲೋ ನೀರಿನ್ಯಾಗ ಅರ್ಧ ತಾಸು ಅದ್ದಿ ತೆಗೀರಿ, ವಾರಕ್ಕ ಎರಡು ಸಲ ಹಿಂಗ ಮಾಡ್ಕೋತ ಹೋಗ್ರಿ. ಉಗುರಲಿಂದ ಕೆರಿಯಬ್ಯಾಡ್ರಿ, ವೆಲಮೆನ್ ಕೂಡ ಕಿತ್ತ ಬರ್ತದ. ಬೀದರ್ ಕಡೆಯವರಿಗಿ ಕೆಂಪು ಮುರಮು ಕಲ್ಲಿನ ನೆಲ, ಅಲ್ಲಿ ಬಾವಿ ನೀರು ಬ್ಯಾರೆ ಗುಣದ್ದು ಇರಬಹುದು, ಲಿಂಬಿ ಪರೀಕ್ಷಾ ಮಾಡೇ ತೀರ್ಮಾನ ಮಾಡ್ರಿ.

ಗೊಬ್ಬರಾನೂ ಉಪ್ಪೇ, ಅದಕ್ಕ ಇಲ್ಲೇ ಹೇಳ್ತೀನಿ. ತೊಗರಿ ಹೊಲಕ್ಕ ಸಿಂಪರಿಸೋ 19:19:19 ಪುಡಿ ಎಲ್ಲಾ ಗೊಬ್ಬರದ ಅಂಗಡ್ಯಾಗೂ ಸಿಗ್ತದ, ಅದನ್ನ ಲೀಟರಿಗಿ ಅರ್ಧ ಗ್ರಾಂ ಸಾಕು, ವಾರಕ್ಕ ಒಮ್ಮಿ, ಜೂನ್‌ನಿಂದ ಅಕ್ಟೋಬರ್ ತನಕ. ಮೊದಲು ಬರೀ ನೀರು ಹಾಕಿ ಬೇರು ಹಸಿರಾದ ಮ್ಯಾಲ ಗೊಬ್ಬರದ ನೀರು. ಹೊಲದ ಡೋಸ್ ಹಾಕಿದ್ರ ಬೇರಿನ ತುದಿ ಸುಡ್ತದ.

ಎಲಿ ಮ್ಯಾಲಿನ ಕಲಿ

ಬಿಸಿಲು ಬೀಳೋ ಮಗ್ಗಲಿಗಿ ಮಾತ್ರ ಬಿಳಿ ಇಲ್ಲಾ ಕರಿ ಕಲಿ, ಒಣಗಿದ್ದು, ಹಬ್ಬಂಗಿಲ್ಲ ಅಂದ್ರ ಅದು ಬಿಸಿಲಿನ ಸುಡು. ಮಧ್ಯಾಹ್ನ ಎಲಿ ಮುಟ್ಟಿ ನೋಡ್ರಿ, ಕೈಗಿ ಬಿಸಿ ಹತ್ತಿದ್ರ ಜಾಗ ತಪ್ಪದ. ಬಯಲಿನ್ಯಾಗ ಏಪ್ರಿಲ್-ಮೇ 75 ಪರ್ಸೆಂಟ್ ಬಿಸಿಲು ತಡಿಯೋ ನೆಟ್ ಕಟ್ರಿ, ಉಳಿದ ದಿನ 50 ಸಾಕು. ಕಲಿ ನೀರು ನೀರಾಗಿ, ಹಬ್ಬಕೋತ ಹೊಂಟು ಕೆಟ್ಟ ವಾಸನಿ ಬರ್ತದಂದ್ರ ಅದು ಬ್ಯಾಕ್ಟೀರಿಯಾ, ಅವತ್ತೇ ಕಲಿಗಿಂತ ಒಂದು ಇಂಚು ಕೆಳಗ ಎಲಿ ಕತ್ರಿಸಿ ಒಗೀರಿ, ಶಿಲೀಂಧ್ರದ ಔಷಧ ಇದಕ್ಕ ನಾಟಂಗಿಲ್ಲ.

ಎಲಿ ಕೆಳಮಗ್ಗಲು ಬೆಳ್ಳಿ ಬಣ್ಣ ತಿರುಗಿ ಸಣ್ಣ ಚುಕ್ಕಿ ಕಂಡ್ರ ನುಸಿ, ಒಣಗಾಳಿಯಾಗ ಜಾಸ್ತಿ, ಕೆಳಗಿಂದ ನೀರು ಜೋರಾಗಿ ಹೊಡದು ತೊಳೀರಿ. ಬುಡದ ಸಂದಿಯಾಗ ಬಿಳಿ ಹತ್ತಿಯಂಥದ್ದು ಇದ್ರ ಹಿಟ್ಟು ತಿಗಣಿ, ಸ್ಪಿರಿಟ್ ಹಚ್ಚಿದ ಅರಳಿಲಿಂದ ಒರೆಸ್ರಿ. ಬೇವಿನೆಣ್ಣಿ ಹೊಡಿಯೋದಾದ್ರ ಸಂಜಿಮುಂದ ಹೊಡೀರಿ, ಬಿಸಿಲಿನ್ಯಾಗ ಹೊಡದ್ರ ಎಲಿ ಸುಡ್ತದ. ರಾಶಿ ದಿನಗಳಾಗ ಮತ್ತ ಫ್ಯಾಕ್ಟರಿ ಬಾಜೂಕ ಇರೋರು ಎಲಿ ಮ್ಯಾಲಿನ ಧೂಳು ಹಸಿ ಬಟ್ಟಿಲಿಂದ ಒರೆಸ್ರಿ.

ನಡುವಿನ ಸುಳಿ ಕೊಳೆಯೋದು

ಇದು ಮಳಿಗಾಲದ ದೋಷ, ಇದಕ್ಕ ಟೈಮ್ ಇರಂಗಿಲ್ಲ, ಕಂಡ ದಿನಾನೇ ಕೈ ಹಾಕಬೇಕು. ವಂಡಾ ಒಂದೇ ಕಾಂಡ, ಒಂದೇ ಸುಳಿ, ಮ್ಯಾಲ ಮ್ಯಾಲ ಬೆಳ್ಕೋತ ಹೋಗೋ ಗಿಡ. ಆ ಸುಳಿಯಾಗ ನೀರು ನಿಂತು ಗಾಳಿ ಆಡ್ಲಿಲ್ಲ ಅಂದ್ರ ಕೊಳೀತದ. ನಡುವಿನ ಎಳೆ ಎಲಿ ಕಂದಾಗಿ, ಮೆಲ್ಲಕ ಎಳೆದ್ರ ಕೈಗಿ ಬಂದು ಬಿಡ್ತದ. ಗಿಡ ತಲಿಕೆಳಗ ಮಾಡಿ ನೀರು ಬಸೀರಿ, ಕೊಳೆತ ಎಲಿ ತೆಗೀರಿ, ಕಾಗದ ಸುರುಳಿ ಮಾಡಿ ಒಳಗಿನ ಹಸಿ ಹೀರಿಸ್ರಿ, ಕಾರ್ಬೆಂಡಾಜಿಮ್-ಮ್ಯಾಂಕೊಜೆಬ್ ಕೂಡಿದ ಪುಡಿ ಲೀಟರಿಗಿ ಎರಡು ಗ್ರಾಂ ಕಲಸಿ ಕೈಗವಸು ಹಾಕ್ಕೊಂಡು ಬಿಡ್ರಿ, ಆಮ್ಯಾಲ ಮಳಿ ಬೀಳದ ಗಾಳಿ ಜಾಗದಾಗ ತೂಗ ಹಾಕ್ರಿ. ಮುಂದ ನೀರು ಬೇರಿಗಿ ಮಾತ್ರ. ಸುಳಿ ಸತ್ತ್ರೂ ಗಿಡ ಒಗೀಬ್ಯಾಡ್ರಿ, ಬೇರು ಮತ್ತ ಕೆಳಗಿನ ಎಲಿ ಗಟ್ಟಿ ಇದ್ರ ಬುಡದಿಂದ ಮರಿ ಒಡಿಯೋ ಸಾಧ್ಯತಿ ಅದ, ತಿಂಗಳಗಟ್ಲೆ ಕಾಯಬೇಕು. ಮರಕ್ಕ ಕಟ್ಟುವಾಗ ಸ್ವಲ್ಪ ಓರೆ ಕಟ್ಟಿದ್ರ ಸುಳಿಯಾಗ ನೀರೇ ನಿಲ್ಲಂಗಿಲ್ಲ.

ಹೂವೇ ಬರವಲ್ದು

ಗಿಡ ಗಟ್ಟಿ ಅದ, ಎಲಿ ಕಡು ಹಸಿರು, ಉದ್ದ, ಬಾಗಿ ಜೋತು ಬಿದ್ದಾವ ಅಂದ್ರ ಬೆಳಕು ಕಡಿಮಿ. ಎಲಿ ತಿಳಿ ಹಸಿರಿಗಿ ತಿರುಗೋ ತನಕ ಬೆಳಕು ಹೆಚ್ಚಿಸ್ರಿ, ಒಮ್ಮಿಗೇ ಅಲ್ಲ, ಎರಡು ಮೂರು ವಾರದಾಗ ಸಾವಕಾಶ, ಮತ್ತ ಇದನ್ನ ದೀಪಾವಳಿ ಆದ ಮ್ಯಾಲ ಚಳಿ ಬಿಸಿಲಿನ್ಯಾಗ ಮಾಡ್ರಿ. ಮುಂಜಾನಿ ಹತ್ತರ ತನಕ ನೇರ ಬಿಸಿಲು ಬೀಳೋ ಜಾಗ ಸಿಕ್ರ ಭಾಳ ಚಲೋ. ಹೂವು ಬರೋದು ಹೆಚ್ಚಾಗಿ ಬ್ಯಾಸಿಗಿ ಮತ್ತ ಮಳಿ ಶುರುವಿನ ದಿನದಾಗ, ಡಿಸೆಂಬರ್‌ನಾಗ ಹೂವಿಲ್ಲ ಅಂತ ಚಿಂತಿ ಬ್ಯಾಡ. ಪದೇಪದೇ ಜಾಗ ಬದಲಿ ಮಾಡೋ ಗಿಡ ಬೇರು ಬೆಳಸೋದ್ರಾಗೇ ಉಳೀತದ. ಸಣ್ಣ ಗಿಡ ತಂದಿದ್ರ ವರ್ಷಗಳೇ ಬೇಕು, ಇದಕ್ಕ ಅವಸರದ ಔಷಧ ಇಲ್ಲ.

ಮತ್ತ ಗಿಡ ಬೇಕಂತ ಚಿಂಚೋಳಿ ಅಡವಿಗಿ ಹೋಗಿ ಮರದ ಮ್ಯಾಲಿಂದ ಕೀಳೋದು ಬ್ಯಾಡ್ರಿ. ಅದು ವನ್ಯಜೀವಿ ಧಾಮ, ಅಲ್ಲಿಂದ ಯಾವ ಗಿಡ ಕಿತ್ರೂ ಅಪರಾಧ, ಅದರ ಮ್ಯಾಲ ಅಡವಿಯಿಂದ ಕಿತ್ತ ದೊಡ್ಡ ಗಿಡದ ಬೇರೆಲ್ಲ ಹರದು ಹೋಗಿ ಮನ್ಯಾಗ ಉಳಿಯೋದು ಕಷ್ಟ. ನರ್ಸರಿಯಾಗ ಬೀಜದಿಂದ ಬೆಳಸಿದ ಗಿಡಾನೇ ಕೇಳಿ ತೊಗೋರಿ.

ಕಡೀಕ ಗಿಡ ಸುಧಾರಸ್ಲಾಕತ್ತದೋ ಇಲ್ಲೋ ತಿಳ್ಕೊಳ್ಳೋದು ಹೆಂಗ ಅಂತ ಕೇಳ್ತಾರ. ಹಳೇ ಸುಕ್ಕು ಎಲಿ ನೋಡ್ಕೋತ ಕುಂಡ್ರಬ್ಯಾಡ್ರಿ, ಭಾಳ ಸುಕ್ಕಾದ ಎಲಿ ಚಲೋ ನೀರು ಸಿಕ್ರೂ ಮೊದಲಿನಂಗ ಆಗಂಗಿಲ್ಲ, ಹಂಗಂತ ಅದನ್ನ ಕೀಳಬ್ಯಾಡ್ರಿ, ಹಸಿರು ಇರೋ ತನಕ ಅದು ಗಿಡಕ್ಕ ಆಹಾರ ಮಾಡಿ ಕೊಡ್ತದ. ನೋಡಬೇಕಾದ್ದು ಬೇರಿನ ತುದಿ. ಹಸಿರು, ಹೊಳಪು ತುದಿ ವಾರದಿಂದ ವಾರಕ್ಕ ಉದ್ದ ಆಗ್ಲಾಕತ್ತದಂದ್ರ ನಿಮ್ಮ ನೀರು, ಜಾಗ ಎರಡೂ ಸರಿ ಅವ. ಅದನ್ನ ಅಳಿಯಾಕ ಬೇರಿನ ಬಾಜೂಕ ತೊಗಟಿ ಮ್ಯಾಲ ಸ್ಕೆಚ್ ಪೆನ್ನಿಲಿಂದ ಒಂದು ಗೆರಿ ಹಾಕಿಡ್ರಿ, ಹದಿನೈದು ದಿನ ಬಿಟ್ಟು ತುದಿ ಗೆರಿ ದಾಟ್ಯದೇನು ನೋಡ್ರಿ. ದಾಟಿಲ್ಲ ಅಂದ್ರ ಮತ್ತ ಮಗ್ ನೀರು ತೊಗೊಂಡು ಮೊದಲಿನ ಪರೀಕ್ಷಾದಿಂದ ಶುರು ಮಾಡ್ರಿ.